ಸೋಮಾಲಿಯದಲ್ಲಿ ಕಲಿತ ಪಾಠ



ಇದೇ ಶಾಲೆಯಲ್ಲಿ ಓದಿ ಸೇನೆ ಸೇರಿದ ನಾನು 1994ರಲ್ಲಿ ಸೋಮಾಲಿಯದ ಬೈದೋವಾದಲ್ಲಿದ್ದೆ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಭಾರತೀಯ ಬ್ರಿಗೇಡ್ ನಮ್ಮದು. 1991ರಲ್ಲಿ ಸಿಯಾದ್ ಬರ್ರೆಯ ಆಳ್ವಿಕೆ ಬಿದ್ದ ಮೇಲೆ ಆ ದೇಶದಲ್ಲಿ ಪೊಲೀಸರು, ಕೋರ್ಟು, ಶಾಲೆ ಒಂದೊಂದಾಗಿ ನಿಂತುಹೋಗಿದ್ದವು. ಬರಗಾಲಕ್ಕೆಂದು ಬಂದ ಧಾನ್ಯವನ್ನು ಬಂದೂಕು ಹಿಡಿದವರು ದೋಚುತ್ತಿದ್ದರು.

ನಾವು ಧಾನ್ಯದ ಲಾರಿಗಳಿಗೆ ಕಾವಲು ಹೋದೆವು, ಬಾವಿ ತೋಡಿದೆವು. ಒಂದು ದಿನ ಅಲ್ಲಿನ ಹಿರಿಯರೊಬ್ಬರು ದುಭಾಷಿಯ ಮೂಲಕ ಕೇಳಿದರು: "ನೀವು ಹೋದ ಮೇಲೆ ಈ ಬಾವಿಯನ್ನು ನೋಡಿಕೊಳ್ಳುವವರು ಯಾರು?" ನನ್ನಲ್ಲಿ ಉತ್ತರವಿರಲಿಲ್ಲ. 1995ರ ಮಾರ್ಚ್‌ನಲ್ಲಿ ಶಾಂತಿಪಡೆ ಹಿಂದಿರುಗಿತು. ಅಲ್ಲಿನ ಕಾದಾಟ ಮುಗಿದಿರಲಿಲ್ಲ.

ಉತ್ತರದ ಸೋಮಾಲಿಲ್ಯಾಂಡಿನಲ್ಲಿ ನಡೆದದ್ದೇ ಬೇರೆ. 1993ರಲ್ಲಿ ಬೋರಮಾ ಪಟ್ಟಣದಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿದರು, ಅಧ್ಯಕ್ಷರನ್ನು ಆರಿಸಿದರು, ಆಡಳಿತಕ್ಕೆ ತಳಪಾಯ ಹಾಕಿದರು. ಅದು ಹೊರಗಿನ ಸೇನೆ ಮಾಡಿಕೊಟ್ಟ ಕೆಲಸವಲ್ಲ.

ಸೇನೆಯ ಕಾವಲಿನಿಂದ ಹಸಿದವರಿಗೆ ಅನ್ನ ಮುಟ್ಟಿದ್ದನ್ನು ನಾನು ಕಂಡಿದ್ದೇನೆ. ಆದರೆ ಸರ್ಕಾರ ನಿಲ್ಲುವುದು ಊರವರು ಒಬ್ಬರನ್ನೊಬ್ಬರು ನಂಬಿದಾಗ ಮಾತ್ರ. ಐವತ್ತು ವರ್ಷಗಳಿಂದ ನಮ್ಮ ಶಾಲೆಯ ಗಂಟೆ ಬಾರಿಸುತ್ತಲೇ ಇದೆ. ಅದನ್ನು ಸಣ್ಣ ಸಂಗತಿ ಎಂದು ನಾನಂತೂ ತಿಳಿಯಲಾರೆ.