ಚೈನ್‌ಸಾ ಕವರ್‌ಗೆ ಸುತ್ತಿಗೆ ಬೇಡ: ಮೆಗ್ನೀಸಿಯಂ ಕಥೆ

ಕುರುಗೋಡಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಚೈನ್‌ಸಾ ಕೆಳಗೆ ಬಿದ್ದು ಅದರ ಕ್ರ್ಯಾಂಕ್‌ಕೇಸ್ ಸೊಟ್ಟಗಾಗಿದೆಯಂತೆ. "ನಮ್ ಕಡೆ ಕಬ್ಬಿಣಾನೇ ಬಡಿದು ಸರಿ ಮಾಡ್ತಾರೆ, ಇದನ್ನೂ ಬಡೀಲಾ?" ಅಂತ ಕೇಳಿದ್ದಾರೆ.

ಬಡೀಬೇಡಿ ಅಣ್ಣ. ಹಲವು ಚೈನ್‌ಸಾಗಳ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಒಂದು ಘನ ಸೆಂ.ಮೀ. ಮೆಗ್ನೀಸಿಯಂ ತೂಕ 1.74 ಗ್ರಾಂ, ಕಬ್ಬಿಣದ್ದು 7.87. ಕೈಯಲ್ಲಿ ಹಿಡ್ಕೊಳ್ಳೋ ಯಂತ್ರಕ್ಕೆ ಇದು ದೊಡ್ಡ ಲಾಭ. ಆದ್ರೆ ಬಾಗೋದ್ರಲ್ಲಿ ಇದು ಮಹಾ ಹಠಮಾರಿ.

ಸಿರುಗುಪ್ಪದ ಅಕ್ಕಿ ಗೋದಾಮು ನೆನಪಿಸ್ಕೊಳ್ಳಿ. ಚೀಲಗಳನ್ನ ಪದರ ಪದರವಾಗಿ ಒಟ್ಟಿರ್ತಾರೆ. ಪಕ್ಕಕ್ಕೆ ತಳ್ಳಿದ್ರೆ ಒಂದು ಪದರ ಇನ್ನೊಂದರ ಮೇಲೆ ಜಾರುತ್ತೆ, ಮೇಲಿಂದ ಒತ್ತಿದ್ರೆ ಜಾರಲ್ಲ. ಮೆಗ್ನೀಸಿಯಂ ಪರಮಾಣುಗಳೂ ಹೆಚ್ಚುಕಡಿಮೆ ಹಾಗೇ, ಷಟ್ಕೋನದ ಪದರಗಳಲ್ಲಿ ಕೂತಿವೆ. ತಣ್ಣಗಿದ್ದಾಗ ಸುಲಭವಾಗಿ ಜಾರೋದು ಆ ಒಂದೇ ಸಮತಲದಲ್ಲಿ. ಕಬ್ಬಿಣಕ್ಕೆ ಜಾರೋ ದಾರಿ ಬಹಳ, ಅದಕ್ಕೇ ಕಮ್ಮಾರನ ಮಾತು ಕೇಳುತ್ತೆ. ಮೆಗ್ನೀಸಿಯಂ ಬಿರುಕು ಬಿಡುತ್ತೆ. ಸುಮಾರು 225 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಬೇರೆ ಸಮತಲಗಳೂ ತೆರೆದುಕೊಳ್ತವೆ. ಕಾರ್ಖಾನೆಗಳಲ್ಲಿ ಇದನ್ನ ಬಿಸಿ ಮಾಡಿ ಬಾಗಿಸೋದು ಅದಕ್ಕೇ.

ಹಂಗಾದ್ರೆ ಗಟ್ಟಿ ಮಾಡೋದು ಹೇಗೆ? ಎರಕಕ್ಕೆ ತುಂಬಾ ಬಳಸೋ ಎಝೆಡ್91ರಲ್ಲಿ ಸುಮಾರು 9% ಅಲ್ಯೂಮಿನಿಯಂ, 1%ಕ್ಕಿಂತ ಸ್ವಲ್ಪ ಕಡಿಮೆ ಸತು ಇರುತ್ತೆ. ದೊಡ್ಡ ಚೀಲಗಳ ನಡುವೆ ಸಣ್ಣ ಚೀಲ ತುರುಕಿದ ಹಾಗೆ ಪದರ ಏರುಪೇರಾಗಿ ಜಾರೋದು ಕಷ್ಟ ಆಗುತ್ತೆ. ಕರಗದೆ ಉಳಿದ ಅಲ್ಯೂಮಿನಿಯಂ ಮೆಗ್ನೀಸಿಯಂ ಜೊತೆ ಸೇರಿ ಗಟ್ಟಿ ಕಣಗಳಾಗುತ್ತೆ. ಬಲ ಬರುತ್ತೆ, ಆದ್ರೆ ಬಾಗೋ ಗುಣ ಕಡಿಮೆಯಾಗುತ್ತೆ. 120 ಡಿಗ್ರಿ ದಾಟಿದ್ರೆ ಆ ಬಲವೂ ಇಳಿಯುತ್ತೆ. ಇಟ್ರಿಯಂನಂಥ ವಿರಳ ಧಾತುಗಳ ಕಥೆ ಬೇರೆ. ಅವು ತಣ್ಣಗಿದ್ದಾಗಲೂ ಬೇರೆ ಸಮತಲಗಳ ಜಾರುವಿಕೆಗೆ ದಾರಿ ಮಾಡಿಕೊಡ್ತವೆ. ಬೆಲೆ ಮಾತ್ರ ಕೇಳಬೇಡಿ.

ನನಗೆ ಬಹಳ ಇಷ್ಟವಾದ ವಿಷಯ ಇದು: ಬಳ್ಳಾರಿಯ ಹೆಮ್ಮೆ ಕಬ್ಬಿಣ ಮೆಗ್ನೀಸಿಯಂಗೆ ಶತ್ರು. ಒಂದು ಸ್ವಲ್ಪ ಸೇರಿದ್ರೂ ತುಕ್ಕು ಓಡೋಡಿ ಬರುತ್ತೆ. ಬಿಡಿಸೋರು ಯಾರು? ಮ್ಯಾಂಗನೀಸ್, ಅದೇ ನಮ್ಮ ಸಂಡೂರಿನ ಗುಡ್ಡಗಳಲ್ಲಿರೋ ಅದಿರಿನ ಲೋಹ! ಚಿಟಿಕೆಯಷ್ಟು ಹಾಕಿದ್ರೆ ಕರಗಿದ ಲೋಹದಲ್ಲಿನ ಕಬ್ಬಿಣವನ್ನ ಹಿಡಿದುಕೊಂಡು ತಳಕ್ಕೆ ಇಳಿಸುತ್ತೆ.

ಅಣ್ಣ, ಕ್ರ್ಯಾಂಕ್‌ಕೇಸ್ ಬದಲಾಯಿಸಿಬಿಡಿ. ಗ್ರೈಂಡರ್ ಕೂಡ ಹಚ್ಚಬೇಡಿ, ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತುತ್ತೆ. ಹತ್ತಿದ್ರೆ ನೀರು ಸುರೀಬೇಡಿ, ಇನ್ನೂ ಭಗ್ಗನೆ ಉರಿಯುತ್ತೆ. ಚೆನ್ನಾಗಿ ಒಣಗಿದ ಮರಳು ಹಾಕಿ. ಬದಲಾಯಿಸಿದ ಮೇಲೆ ಇನ್ನೊಂದು ವಾಯ್ಸ್ ನೋಟ್ ಕಳಿಸಿ.