ಕಲಿಸಿದ ಮೇಲೆ ಉಳಿಸಿಕೊಳ್ಳುವುದು ಯಾರ ಹೊಣೆ?



ಚಿಕ್ಕೋಡಿ, ಅಥಣಿಯ ಕಡೆಯಿಂದ ಐಟಿಐ ಮುಗಿಸಿ ಈ ನಗರಕ್ಕೆ ಬರುವ ತರುಣರ ತಂದೆತಾಯಂದಿರು, ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರೆ ನೌಕರಿ ಸಿಕ್ಕಂತೆಯೇ ಎಂದು ನಂಬಿರುತ್ತಾರೆ. ಹಾಗಿಲ್ಲ. 1961ರ ಶಿಶಿಕ್ಷು ಕಾಯಿದೆಯು ತರಬೇತಿ ಕೊಟ್ಟವನೇ ಕೆಲಸವನ್ನೂ ಕೊಡಬೇಕೆಂದು ಕಡ್ಡಾಯಗೊಳಿಸಲಿಲ್ಲ. ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಉಳಿದೆಲ್ಲವೂ ಸಮನಾಗಿದ್ದರೆ ತರಬೇತಿ ಪಡೆದವನಿಗೆ ಆದ್ಯತೆ ಇರಲಿ ಎಂದಿತು. 2014ರ ತಿದ್ದುಪಡಿಯು, ತನ್ನಲ್ಲಿ ಕಲಿತವರ ನೇಮಕಾತಿಗೆ ಪ್ರತಿಯೊಂದು ಸಂಸ್ಥೆಯೂ ನೀತಿಯೊಂದನ್ನು ರೂಪಿಸಬೇಕೆಂದು ವಿಧಿಸಿತು. ಆ ನೀತಿಯಲ್ಲಿ ಏನಿರಬೇಕೆಂಬುದನ್ನು ಮಾತ್ರ ಸಂಸ್ಥೆಗೇ ಬಿಟ್ಟುಕೊಟ್ಟಿತು!

ರೈಲ್ವೆ ಇಲಾಖೆ ಮೊದಲ ಹಂತದ ಹುದ್ದೆಗಳಲ್ಲಿ ಶೇ. 20ರಷ್ಟನ್ನು ತನ್ನ ಶಿಶಿಕ್ಷುಗಳಿಗೆ ಮೀಸಲಿಟ್ಟಿತು. ಅದು ಸಾಲದೆಂದು 2018ರ ಮಾರ್ಚ್ 20ರಂದು ತರುಣರು ದಾದರ್–ಮಾಟುಂಗಾ ನಡುವಿನ ಹಳಿಗಳ ಮೇಲೆ ಕುಳಿತರು. ಅವರ ಮೇಲೆ ಲಾಠಿ ಬೀಸಲಾಯಿತು.

ನಮ್ಮ ಪುಣೆಯ ಸ್ಥಿತಿಯನ್ನು ನೋಡಿ. 1869ರಿಂದ ನಡೆದುಬಂದ ಖಡಕಿಯ ಮದ್ದುಗುಂಡು ಕಾರ್ಖಾನೆಯೂ ದೇಹೂರೋಡಿನ ಕಾರ್ಖಾನೆಯೂ 2021ರ ಅಕ್ಟೋಬರ್ 1ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಧೀನದಲ್ಲಿವೆ. ಸ್ಫೋಟಕಗಳ ನಡುವೆ ದುಡಿಯುವ ‘ಡೇಂಜರ್ ಬಿಲ್ಡಿಂಗ್ ವರ್ಕರ್’ ಕೆಲಸಕ್ಕೆ ಈ ಕಂಪನಿಯ ಕಾರ್ಖಾನೆಗಳು ಹಳೆಯ ಶಿಶಿಕ್ಷುಗಳನ್ನು ಕರೆಯುತ್ತವೆ, ಆದರೆ ನಿಗದಿತ ಅವಧಿಯ ಗುತ್ತಿಗೆಯ ಮೇಲೆ. ನೇಮಕಾತಿಯ ಮಟ್ಟಿಗೆ ಶಿಶಿಕ್ಷುತನ ಸಾರ್ಥಕವೇ. ಕಲಿತ ಕೈಯೇ ದೊರೆಯಿತು. ಉಳಿಸಿಕೊಳ್ಳುವ ವಿಷಯದಲ್ಲಿ? ಮದ್ದಿನ ಗುಣವನ್ನು ಬೆರಳತುದಿಯಿಂದ ಅರಿತವನು ಹೊರಟುಹೋದರೆ, ಅವನೊಡನೆ ಸಹೋದ್ಯೋಗಿಗಳ ಸುರಕ್ಷೆಯ ಒಂದು ಪಾಲೂ ಹೋಗುತ್ತದೆ. ಮದ್ದುಗುಂಡಿನ ಮಾತು ಈ ಸಭೆಯಲ್ಲೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅಲ್ಲಿ ದುಡಿಯುವವನ ಪ್ರಾಣವೂ ಜೀವದಯೆಗೆ ಹೊರತಲ್ಲವೆಂದೇ ನಾನು ತಿಳಿದಿದ್ದೇನೆ.

ಎಲ್ಲರನ್ನೂ ಕಾಯಂಗೊಳಿಸಿರೆಂದು ನಾನು ಕೇಳುತ್ತಿಲ್ಲ. ಹುದ್ದೆಗಳಿಗಿಂತ ಶಿಶಿಕ್ಷುಗಳ ಸಂಖ್ಯೆಯೇ ಹೆಚ್ಚಾಗಿರುವಲ್ಲಿ ಅದು ಸಾಧ್ಯವೂ ಅಲ್ಲ. ಆದರೆ ಕಲಿತವರಲ್ಲಿ ಎಷ್ಟು ಮಂದಿಗೆ, ಯಾವ ಕ್ರಮದಲ್ಲಿ, ಎಷ್ಟು ಕಾಲದ ಕೆಲಸವೆಂಬುದನ್ನು ಮೊದಲ ದಿನವೇ ಪ್ರಕಟಿಸಲು ಸರ್ಕಾರಿ ಸಂಸ್ಥೆಗೆ ಅಡ್ಡಿಯೇನು? ಹಾಗೆ ಹೇಳದೆ ತರುಣನ ಪ್ರಾಯದ ವರ್ಷಗಳನ್ನು ಅಗ್ಗದ ದುಡಿಮೆಯಾಗಿ ಬಳಸುವುದು ಅನ್ಯಾಯ.

ನಮ್ಮ ಪಾಲಕರೂ ಒಪ್ಪಂದಪತ್ರಕ್ಕೆ ಮಕ್ಕಳು ಸಹಿ ಹಾಕುವ ಮುನ್ನ ಆ ಸಂಸ್ಥೆಯ ನೇಮಕಾತಿ ನೀತಿಯ ಪ್ರತಿಯನ್ನು ಕೇಳಲಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿದೆ. ಕೇಂದ್ರದ ಸಂಸ್ಥೆಗಳಿಗೆ ಅದರ ಶುಲ್ಕ 10 ರೂಪಾಯಿ.