ಹೊಸ ಸಂಸಾರದ ಇಬ್ಬರು ರೈತರು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಯುವ ರೈತ ದಂಪತಿಗಳಿಗಾಗಿ ಮಾಡಿದ ಭಾಷಣ)



ಆಷಾಢ ಮಾಸದಲ್ಲಿ ತೇರು ಎಳೆಯುವ ಪದ್ಧತಿ ಬಹಳ ಊರುಗಳಲ್ಲಿ ಇಲ್ಲ. ಆದರೆ ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ರಥೋತ್ಸವ ನಡೆಯುವುದೇ ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ಆಷಾಢವನ್ನು ತವರಿನಲ್ಲಿ ಕಳೆಯಬೇಕು, ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎಂಬ ರೂಢಿ ಈ ಸೀಮೆಯಲ್ಲಿದೆ. ಹೀಗೆ ಅಗಲಿದ ಜೋಡಿಗಳು ಈ ತೇರಿನ ದಿನ ಒಂದಾಗಿ ಬಂದು, ಹಣ್ಣು ಜವನ ಎಸೆದು, ಕೈಮುಗಿದು ಹೋಗುತ್ತಾರೆ. ಆದ್ದರಿಂದಲೇ ಇದಕ್ಕೆ ನವದಂಪತಿಗಳ ಜಾತ್ರೆ ಎಂಬ ಹೆಸರು ಬಂದಿದೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವ ಕೆಲವು ವರ್ಷ ನಿಂತಿತ್ತು. ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಆರಂಭವಾಯಿತು.

ಜಾತ್ರೆಯಲ್ಲಿ ನೆಂಟರಿಷ್ಟರು ಎದುರಾದಾಗ ಹೊಸ ಜೋಡಿಯನ್ನು ಮಾತನಾಡಿಸುವುದು ಸಹಜ. ಯಾವೂರ ಹೆಣ್ಣು, ಏನು ಮಾಡಿಕೊಂಡಿದ್ದೀರಿ ಎಂದು ಕೇಳುತ್ತಾರೆ. ಗಂಡ ತಡವಿಲ್ಲದೆ "ಬೇಸಾಯ" ಎನ್ನುತ್ತಾನೆ. ಹೆಂಡತಿಯನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ನಾನೇನ್ ಮಾಡ್ತೀನಿ ಸಾ, ಮನೇಲೇ ಇವ್ನಿ" ಎಂಬುದು. ಗ್ರಾಮ ಸಭೆಯಲ್ಲಾಗಲಿ, ತರಬೇತಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ಇದೇ ಪರಿಚಯ ನಡೆದುಬಂದಿದೆ. ಈ ಒಂದು ಮಾತಿನಿಂದ ಸಂಸಾರಕ್ಕೆ ಆಗುವ ನಷ್ಟವೆಷ್ಟು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದೇ ಇಂದಿನ ವಿಷಯ.

ಕೆಲಸದ ಲೆಕ್ಕ

"ಮನೇಲೇ ಇವ್ನಿ" ಎನ್ನುವ ಹೆಣ್ಣುಮಗಳ ಒಂದು ವರ್ಷದ ದುಡಿಮೆಯನ್ನು ಗಮನಿಸಬೇಕು. ಗುಂಡ್ಲುಪೇಟೆ ಕಡೆ ಏಪ್ರಿಲ್ ಮತ್ತು ಮೇ ತಿಂಗಳ ಮಳೆಗೆ ಸೂರ್ಯಕಾಂತಿ ಬಿತ್ತುವುದುಂಟು. ಎಕರೆಗೆ ಸುಮಾರು 2 ಕಿಲೋ ಬೀಜ, ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ. ನೇಗಿಲು ಹಿಡಿಯುವವನು ಗಂಡಸು. ಹಿಂದೆ ಬೀಜ ಬಿಡುತ್ತಾ ಬರುವವಳು ಹೆಂಗಸು. ಮೊಳೆತ 15 ದಿನಕ್ಕೆ ಗುಣಿಗೊಂದೇ ಗಿಡ ಉಳಿಸಿ ಹೆಚ್ಚಿನದನ್ನು ಕೀಳುವುದು, ಕಳೆ ತೆಗೆಯುವುದು ಹೆಂಗಸರ ಪಾಲು. ಹೂ ಬಿಟ್ಟಾಗ ಬೆಳಗಿನ ಹೊತ್ತು ಮೆತ್ತನೆಯ ಬಟ್ಟೆಯಿಂದ ತೆನೆಯ ಮುಖವನ್ನು ನಯವಾಗಿ ಸವರಿದರೆ ಪರಾಗಸ್ಪರ್ಶ ಚೆನ್ನಾಗಿ ಆಗಿ ಜೊಳ್ಳು ಕಡಿಮೆಯಾಗುವುದು. ದಿನ ಬಿಟ್ಟು ದಿನ ಮಾಡಬೇಕಾದ ಈ ತಾಳ್ಮೆಯ ಕೆಲಸವೂ ಬಹುಪಾಲು ಹೆಂಗಸರ ಕೈಯಲ್ಲೇ ಆಗುತ್ತದೆ.

ಅರಿಶಿನದ ಬೇಸಾಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎಕರೆಗೆ 8ರಿಂದ 10 ಕ್ವಿಂಟಾಲ್ ಬಿತ್ತನೆ ಗೆಡ್ಡೆ ಬೇಕು. ಕೊಳೆತದ್ದು, ಗಾಯವಾದದ್ದು, ಸೊರಗಿದ್ದು ಎಂದು ಒಂದೊಂದೇ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ಆರಿಸುವವಳು ಅವಳೇ. ಗೆಡ್ಡೆ ಕೊಳೆ ರೋಗವನ್ನು ತಡೆಯಲು ಮಾಡುವ ಅತಿ ಅಗ್ಗದ ಉಪಾಯವೆಂದರೆ ಈ ಆಯ್ಕೆ. ಮುಂದೆ ನಾಟಿ, ಮೂರು ನಾಲ್ಕು ಬಾರಿ ಕಳೆ, ಮಣ್ಣು ಏರಿಸುವುದು, ತರಗು ಹೊದಿಸುವುದು ಎಂದು ಕೆಲಸ ಸಾಗುತ್ತದೆ. ಎಂಟೊಂಬತ್ತು ತಿಂಗಳಿಗೆ ಅಗೆತ ಬರುತ್ತದೆ. ಅಗೆದ ಮೇಲೆ ಬೇರು ಮಣ್ಣು ಬಿಡಿಸಿ, ತಾಯಿ ಗೆಡ್ಡೆ, ಬೆರಳು ಗೆಡ್ಡೆ ಬೇರೆ ಮಾಡಿ, ಬೇಯಿಸಿ, 10ರಿಂದ 15 ದಿನ ಕಣದಲ್ಲಿ ಒಣಗಿಸಬೇಕು. ಹಸಿ ಗೆಡ್ಡೆ ಒಣಗಿದಾಗ ಸುಮಾರು ಐದನೆಯ ಒಂದು ಪಾಲು ಉಳಿಯುತ್ತದೆ. ಹಸಿ 80 ಕ್ವಿಂಟಾಲ್ ಬಂದರೆ ಒಣ ಅರಿಶಿನ 16 ಕ್ವಿಂಟಾಲ್ ಎಂದು ಅಂದಾಜು. ಅದನ್ನು ಮೂಟೆ ಕಟ್ಟಿ ಈರೋಡಿಗೆ ಕಳುಹಿಸಿದಾಗ ಮಂಡಿಯ ಪಟ್ಟಿ ಬರುವುದು ಗಂಡಸಿನ ಜೇಬಿಗೆ. ವರ್ಷವೆಲ್ಲಾ ಆ ಬೆಳೆಯನ್ನು ಕೈಯಲ್ಲಿ ಹಿಡಿದವಳು ಪಟ್ಟಿಯನ್ನು ಕಣ್ಣಿನಲ್ಲಿ ನೋಡದೆ ಇರುವ ಮನೆಗಳು ಬಹಳ.

ಗಂಡಸರ ದುಡಿಮೆ ಕಡಿಮೆ ಎಂದು ಇದರ ಅರ್ಥವಲ್ಲ. ಬಂಡೀಪುರ ಕಾಡಂಚಿನ ಹಳ್ಳಿಗಳಲ್ಲಿ ಆನೆ, ಹಂದಿಗಳ ಕಾಟಕ್ಕೆ ರಾತ್ರಿಯೆಲ್ಲಾ ಅಟ್ಟಣೆಯ ಮೇಲೆ ಕುಳಿತು ಬೆಳೆ ಕಾಯುವವರು ಗಂಡಸರೇ. ಆಗ ಮನೆ, ದನಕರು, ಮಗು, ಮುದುಕರ ಜವಾಬ್ದಾರಿ ಹೆಂಡತಿಯ ಮೇಲೆ ಬೀಳುತ್ತದೆ. ಕೂಲಿ ಅರಸಿ ಗಂಡ ಕೇರಳಕ್ಕೋ ತಿರುಪ್ಪೂರಿಗೋ ಹೋದರೆ ಹೊಲದ ಕೆಲಸವೆಲ್ಲ ಅವಳದೇ. ಒಂದು ಎತ್ತಿನಿಂದ ಬಂಡಿ ನಡೆಯದು. ಆದರೆ ದಾಖಲೆಯಲ್ಲಿ ಇರುವುದು ಒಂದೇ ಎತ್ತಿನ ಹೆಸರು!

ದಾಖಲೆಯಲ್ಲಿ ಯಾರಿದ್ದಾರೆ?

ಜನಗಣತಿಯಲ್ಲಿಯೂ ಈ ತೊಡಕು ಬಹುಕಾಲ ಇತ್ತು. ಮನೆಯವರ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವವರೂ ಕೆಲಸಗಾರರೇ ಎಂದು ಪ್ರಶ್ನೆಯಲ್ಲಿಯೇ ಸ್ಪಷ್ಟವಾಗಿ ಸೇರಿಸಿದ್ದು 1991ರ ಗಣತಿಯಲ್ಲಿ. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ಶೇ. 14ರ ಸುಮಾರು ಮಾತ್ರ. ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿರುವುದಕ್ಕೆ ಇಂಥ ಅಂತರವೇ ಹಿನ್ನೆಲೆ.

ಹೆಸರಿನಲ್ಲಿ ಏನಿದೆ ಎಂದು ಕೆಲವರು ಕೇಳಬಹುದು. ಹೆಸರಿನಲ್ಲಿ ಬಹಳವಿದೆ. ಸಹಕಾರ ಸಂಘದ ಬೆಳೆ ಸಾಲ, ಬೆಳೆ ನಷ್ಟದ ಪರಿಹಾರ, ವಿಮೆ, ರಿಯಾಯಿತಿ ದರದ ಹನಿ ನೀರಾವರಿ ಇವೆಲ್ಲಾ ಪಹಣಿಯ ಹೆಸರನ್ನು ಹಿಡಿದು ಬರುತ್ತವೆ. 2019ರಿಂದ ನಡೆದಿರುವ ಪಿ.ಎಂ. ಕಿಸಾನ್ ಯೋಜನೆಯಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬವೆಂದು ಲೆಕ್ಕ. ಆದರೆ ವರ್ಷಕ್ಕೆ 6000 ರೂಪಾಯಿ ಹೋಗುವುದು ಭೂದಾಖಲೆಯಲ್ಲಿ ಹೆಸರಿದ್ದವರ ಖಾತೆಗೆ. ಹೊಸ ತಳಿ, ಗೊಬ್ಬರ, ಔಷಧದ ತಿಳಿವಳಿಕೆಯೂ ಹೀಗೆಯೇ. ಗೆಡ್ಡೆ ಆರಿಸುವವಳು ಮನೆಯಲ್ಲಿ, ಗೆಡ್ಡೆ ಆರಿಸುವ ಕ್ರಮದ ತರಬೇತಿಗೆ ಬಂದವನು ಗಂಡ! ಹೇಳಿದ್ದು ಒಬ್ಬರಿಗೆ, ಮಾಡುವವರು ಇನ್ನೊಬ್ಬರು ಎಂದಾದರೆ ತಿಳಿವಳಿಕೆ ಹೊಲಕ್ಕೆ ಇಳಿಯದು.

ಒಡವೆ ಮತ್ತು ಕೊಳವೆ ಬಾವಿ

ಹೊಸ ಸಂಸಾರದ ಮೊದಲ ದೊಡ್ಡ ತೀರ್ಮಾನ ಹಲವು ಮನೆಗಳಲ್ಲಿ ಕೊಳವೆ ಬಾವಿಯದೇ ಆಗಿರುತ್ತದೆ. ಅಡಿಗಿಷ್ಟು ಎಂದು ಹಣ ಏರುತ್ತಾ ಹೋಗುತ್ತದೆ. ನೀರು ಸಿಕ್ಕರೆ ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಸಿಗದಿದ್ದರೆ ಸಾಲ. ಆ ಸಾಲಕ್ಕೆ ಗಿರವಿ ಹೋಗುವುದು ಮದುವೆಯಲ್ಲಿ ತವರಿನವರು ಇಟ್ಟ ಒಡವೆ. ಆ ಒಡವೆ ಸ್ತ್ರೀಧನ, ಅಂದರೆ ಹೆಣ್ಣಿನ ಸಂಪೂರ್ಣ ಸ್ವಂತ ಆಸ್ತಿ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಅವಳು ಒಪ್ಪಿ ಕೊಟ್ಟರೆ ಅದು ಸಂಸಾರಕ್ಕೆ ಅವಳು ಹಾಕಿದ ಬಂಡವಾಳ. ಬಂಡವಾಳ ಹಾಕಿದವರಿಗೆ ತೀರ್ಮಾನದಲ್ಲಿಯೂ ಪಾಲಿರಬೇಕಾದ್ದು ನ್ಯಾಯ.

ಕೊಳವೆ ಬಾವಿ ಕೊರೆಸುವ ಮುನ್ನ ದಂಪತಿಗಳು ಒಟ್ಟಿಗೆ ಕುಳಿತು ಮೂರು ವಿಚಾರ ಮಾಡಬೇಕು. ಅಕ್ಕಪಕ್ಕದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತದೆ? ಬಾವಿ ಬತ್ತಿದರೆ ಸಾಲ ತೀರಿಸಲು ಬೇರೆ ವರಮಾನ ಯಾವುದು? ಅದೇ ಹಣದಲ್ಲಿ ಕೃಷಿ ಹೊಂಡ, ಬದು, ಒಂದು ಕರಾವಿನ ಹಸು ಆಗುವುದಿಲ್ಲವೇ? ಇಬ್ಬರೂ ಕೇಳಿಕೊಂಡಾಗ ಆತುರ ತಗ್ಗುತ್ತದೆ. ಗಂಡ ಯಾರ ಬಳಿ ಎಷ್ಟು ಸಾಲ ಮಾಡಿದ್ದಾನೆಂಬುದು ಸಾಲಗಾರ ಬಾಗಿಲಿಗೆ ಬಂದ ದಿನವೇ ಹೆಂಡತಿಗೆ ತಿಳಿಯುವಂತಾಗುವುದು ಸಂಸಾರಕ್ಕೆ ಬರಬಹುದಾದ ಬಹು ದೊಡ್ಡ ಪೆಟ್ಟು. ಅವನೂ ಒಬ್ಬನೇ ಹೊತ್ತು ಕುಗ್ಗುತ್ತಾನೆ, ಅವಳೂ ಏನೂ ಅರಿಯದೆ ಸಿಕ್ಕಿಕೊಳ್ಳುತ್ತಾಳೆ.

ಮೊದಲ ವರ್ಷದಲ್ಲಿ ಮಾಡಬೇಕಾದವು

1. ಮದುವೆಯ ನೋಂದಣಿ: ಕರ್ನಾಟಕದಲ್ಲಿ ಇದಕ್ಕಾಗಿ 1976ರ ಕಾಯಿದೆ ಇದೆ. ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ ಪ್ರಮಾಣಪತ್ರ ಪಡೆಯಬೇಕು. ವಿಮೆ, ಪಿಂಚಣಿ, ವಾರಸು ಖಾತೆ ಇವಕ್ಕೆಲ್ಲಾ ಇದು ನೆರವಾಗುವುದು. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕೆಂಬುದು ಎಲ್ಲರಿಗೂ ತಿಳಿದಿರಲಿ. ಓದುವ ವಯಸ್ಸಿನ ಹುಡುಗಿಯನ್ನು ಮದುವೆ ಮಾಡಿದರೆ ಲೆಕ್ಕ ಬಲ್ಲ ಒಬ್ಬ ರೈತಳನ್ನು ಮನೆ ಕಳೆದುಕೊಂಡಂತೆಯೇ.

2. ಒಂದು ಲೆಕ್ಕದ ಪುಸ್ತಕ: ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಆದಾಯ. ಬೀಜ, ಗೊಬ್ಬರ, ಆಳು, ಬಾಡಿಗೆ ಎಲ್ಲವನ್ನೂ ಅಂದೇ ಬರೆಯಬೇಕು. ಮನೆಯವರಿಬ್ಬರ ಆಳುದಿನಗಳನ್ನೂ ಊರಿನ ಕೂಲಿ ದರದಲ್ಲಿ ಕಟ್ಟಿ ಖರ್ಚಿಗೆ ಸೇರಿಸಬೇಕು. ಆಗ ಯಾವ ಬೆಳೆ ನಿಜವಾಗಿ ಲಾಭ ಕೊಟ್ಟಿತು, ಯಾವುದು ಮನೆಯವರ ಬಿಟ್ಟಿ ದುಡಿಮೆಯಿಂದ ಮಾತ್ರ ಲಾಭವೆಂದು ಕಂಡಿತು ಎಂಬುದು ತಿಳಿಯುವುದು. ಮಂಡಿಯ ಪಟ್ಟಿಗಳನ್ನು, ಸಾಲದ ಚೀಟಿಗಳನ್ನು ಇದೇ ಪುಸ್ತಕದಲ್ಲಿ ಅಂಟಿಸುವುದು ಒಳ್ಳೆಯದು.

3. ಖಾತೆಗಳು: ಇಬ್ಬರಿಗೂ ಬೇರೆ ಬೇರೆ ಉಳಿತಾಯ ಖಾತೆ ಇರಲಿ, ಬೇಸಾಯಕ್ಕೆ ಒಂದು ಜಂಟಿ ಖಾತೆ ಇರಲಿ. ಹಾಲು ಕರೆಯುವವಳು ಅವಳಾದರೆ ಡೇರಿಯ ಸದಸ್ಯತ್ವವೂ ಅವಳ ಹೆಸರಿನಲ್ಲೇ ಇರಲಿ. 2000-01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಂತಹ ಸ್ವಸಹಾಯ ಸಂಘಕ್ಕೆ ಸೇರಿದರೆ ಸಣ್ಣ ಸಾಲಕ್ಕೆ ಕೈಸಾಲದ ಬಡ್ಡಿ ತೆರುವುದು ತಪ್ಪುತ್ತದೆ.

4. ಭೂಮಿಯ ಹೆಸರು: ಗಂಡನ ಸ್ವಯಾರ್ಜಿತ ಜಮೀನಿನಲ್ಲಿ ಅವನು ಬದುಕಿರುವಾಗ ಹೆಂಡತಿಗೆ ತಾನಾಗಿ ಪಾಲು ಬಾರದು. ವಿಲ್ ಬರೆಯದೆ ಅವನು ತೀರಿಕೊಂಡರೆ ಮಕ್ಕಳು, ಅತ್ತೆ ಇವರ ಜೊತೆಗೆ ಅವಳೂ ಮೊದಲ ದರ್ಜೆಯ ವಾರಸುದಾರಳು. ಆದ್ದರಿಂದ ಹೊಸದಾಗಿ ಕೊಳ್ಳುವ ಜಮೀನನ್ನು ಆರಂಭದಲ್ಲೇ ಇಬ್ಬರ ಹೆಸರಿನಲ್ಲಿ ನೋಂದಾಯಿಸುವುದು ಸುಲಭದ ಮಾರ್ಗ. ಈಗಾಗಲೇ ಇರುವ ಸ್ವಂತ ಜಮೀನಿನಲ್ಲಿ ಒಂದು ಭಾಗವನ್ನು ದಾನಪತ್ರದ ಮೂಲಕ ಕೊಡಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ.

5. ತವರಿನ ಪಾಲು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಕರ್ನಾಟಕ ತನ್ನ ತಿದ್ದುಪಡಿಯನ್ನು 1994ರಲ್ಲೇ ಜಾರಿಗೆ ತಂದಿತ್ತು. 2005ರ ಕೇಂದ್ರ ತಿದ್ದುಪಡಿ ಈ ಹಕ್ಕನ್ನು ದೇಶಕ್ಕೆಲ್ಲಾ ವಿಸ್ತರಿಸಿತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಾದರೆ ಓದಿಸಿ ಕೇಳಿ, ಯೋಚಿಸಿ ಹಾಕಬೇಕು. ಅಣ್ಣತಮ್ಮಂದಿರ ಮೇಲಿನ ಅಕ್ಕರೆಯಿಂದ ಬಿಟ್ಟುಕೊಡುವುದು ಬೇರೆ, ತಿಳಿಯದೆ ಬಿಟ್ಟುಕೊಡುವುದು ಬೇರೆ.

ಹಿರಿಯರಿಗೆ ಒಂದು ಮಾತು

ಸೊಸೆಯ ಹೆಸರಿಗೆ ಬರೆದರೆ ಭೂಮಿ ಕೈಬಿಟ್ಟು ಹೋದೀತು ಎಂಬ ಅಂಜಿಕೆ ಹಿರಿಯರಲ್ಲಿ ಇರುವುದು ಸುಳ್ಳಲ್ಲ. ಆದರೆ ಜಂಟಿ ಹೆಸರಿನಲ್ಲಿರುವ ಜಮೀನನ್ನು ಪೂರ್ತಿಯಾಗಿ ಒಬ್ಬರೇ ಮಾರುವಂತಿಲ್ಲ. ಕುಡಿತಕ್ಕೋ ಜೂಜಿಗೋ ಬಿದ್ದ ಮಗನಿಂದ ಭೂಮಿ ಉಳಿಯಲು ಸೊಸೆಯ ಸಹಿಯೇ ಬೇಲಿಯಾಗಬಹುದು. ಅಲ್ಲದೆ, ಅತ್ತೆಯಾದವಳು ತನ್ನ ಹೆಸರಿಲ್ಲದೆ ಇಡೀ ಬದುಕನ್ನು ಈ ಹೊಲದಲ್ಲಿ ಸವೆಸಿದವಳೇ ಅಲ್ಲವೇ? ಅವಳಿಗೆ ಈ ಮಾತು ಬೇಗ ಅರ್ಥವಾಗುವುದು. ಬಿತ್ತನೆ ಕಾಳು ಕಾಪಾಡುವ, ಹದ ನೋಡಿ ಅರಿಶಿನ ಬೇಯಿಸುವ ಅವಳ ಅನುಭವವನ್ನು ಸೊಸೆ ಕೇಳಿ ಕಲಿತರೆ ಮನೆಯಲ್ಲಿ ಜಗಳಕ್ಕೆ ಬಿಡುವೂ ಕಡಿಮೆಯಾದೀತು.

ವಿಸ್ತರಣಾ ಕಾರ್ಯಕರ್ತರಿಗೆ

ರೈತರ ಪಟ್ಟಿ ಬರೆಯುವಾಗ "ಯಜಮಾನರು ಇಲ್ಲವೇ?" ಎಂದು ಕೇಳಿ ಹಿಂದಿರುಗಬಾರದು. ಎದುರಿಗೆ ನಿಂತಿರುವವಳನ್ನೇ ಬೆಳೆಯ ವಿಚಾರ ಕೇಳಬೇಕು. ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ರೈತ ಸಂಪರ್ಕ ಕೇಂದ್ರಕ್ಕಾಗಲಿ ಕರೆಯುವಾಗ ದಂಪತಿಗಳಿಬ್ಬರನ್ನೂ ಕರೆಯುವುದು ಉತ್ತಮ. ಹಾಲು ಕರೆಯುವ, ಮಗುವಿಗೆ ಉಣಿಸುವ ಹೊತ್ತು ಬಿಟ್ಟು ಹನ್ನೊಂದರಿಂದ ಮೂರರೊಳಗೆ ತರಗತಿ ಮುಗಿಸಿದರೆ ಹೆಣ್ಣುಮಕ್ಕಳು ಬರಲು ಅನುಕೂಲವಾಗುವುದು. ತೋರಿಸುವ ಕೆಲಸ ಯಾರ ಕೈಯಲ್ಲಿ ನಡೆಯುತ್ತದೆಯೋ ಅವರ ಕೈಗೆ ಮೊದಲು ಸಾಮಾನು ಕೊಡಬೇಕು.

ಈ ಸೀಮೆಯ ಮಾತಿನಲ್ಲಿ ಗಂಡ ಹೆಂಡತಿಯನ್ನು "ನಮ್ಮನೆಯವರು" ಎನ್ನುತ್ತಾನೆ. ಹೆಂಡತಿಯೂ ಗಂಡನನ್ನು "ನಮ್ಮನೆಯವರು" ಎನ್ನುತ್ತಾಳೆ. ಮನೆ ಇಬ್ಬರದೂ ಎಂಬುದನ್ನು ಭಾಷೆ ಎಂದೋ ಒಪ್ಪಿಕೊಂಡಿದೆ. ಹೊಲವೂ ಇಬ್ಬರದು ಎಂಬುದನ್ನು ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್ ಪುಸ್ತಕ ಮತ್ತು ಪಹಣಿ ಒಪ್ಪಿಕೊಳ್ಳುವಂತೆ ಮಾಡುವುದಷ್ಟೇ ಉಳಿದಿದೆ. ಮುಂದಿನ ಬಾರಿ ಏನು ಮಾಡಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದಾಗ ಹೊಸ ಸಂಸಾರದ ಉತ್ತರ "ಇಬ್ಬರೂ ಬೇಸಾಯ ಮಾಡುತ್ತೇವೆ" ಎಂದಿರಲಿ. ಲೆಕ್ಕದ ಪುಸ್ತಕವನ್ನು ಈ ವಾರದ ಸಂತೆಯಲ್ಲೇ ಕೊಂಡರೆ ಆರಂಭವಾದಂತೆ.